ಕರೆಂಟು ಚಲೋ ಬಂದ ದಿನ

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು, ಪೆಟ್ಟು ತಿಂದು ಕಲಿತದ್ದು. ಸಿಂದಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇತಿಹಾಸ ಕಲಿಸುತ್ತಿದ್ದೇನೆ. ಯಾವ ಸುಲ್ತಾನ ಯಾವಾಗ ಗಾದಿಗೆ ಬಂದ, ಯಾವ ತಮ್ಮ ಯಾವ ಅಣ್ಣನ ಕಣ್ಣು ಕೀಳಿಸಿದ ಎಂಬುದನ್ನು ಪುಸ್ತಕ ತೆಗೆಯದೆ ಹೇಳಬಲ್ಲೆ. ಆದರೆ ಬೆಳಿಗ್ಗೆ ಹೊರಡುವಾಗ ಹೆಂಡತಿ ಏನು ತರಲು ಹೇಳಿದ್ದಳು ಎಂದು ಸಂಜೆ ಕೇಳಿದರೆ, ಏನೋ ಹಸಿರು ಬಣ್ಣದ್ದು ಎಂಬಷ್ಟೇ ಉಳಿದಿರುತ್ತದೆ. ಬರೀ ಮರೆಯುವುದಾದರೆ ಅದು ದೊಡ್ಡ ದೋಷವಲ್ಲ. ಜನ ನಕ್ಕು ಬಿಡುತ್ತಾರೆ. ನನ್ನ ತೊಂದರೆ ಬೇರೆ. ಮರೆತ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ಇನ್ನೊಂದು ನೆನಪು, ಬಸ್ಸಿನ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿದವರ ಹಾಗೆ, ನನಗಿಂತ ಮೊದಲೇ ಬಂದು ಕೂತಿರುತ್ತದೆ. ಅದೂ ಪ್ರತಿ ಸಲ ನಾನು ಹೇಳಿದ್ದೇ ಸರಿಯಾಗುವಂಥ ನೆನಪು.

ಆದ್ದರಿಂದ ಡೈರಿ ಬರೆಯುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತದ್ದರಲ್ಲಿ ಈಗ ಉಳಿದಿರುವುದು ಒಂದೇ ಪಾಠ: ಬರೆದಿಟ್ಟ ಆಧಾರ ಇಲ್ಲದಿದ್ದರೆ ಅದು ಇತಿಹಾಸವಲ್ಲ, ಬರೀ ಹರಟೆ. ಮೊದಲು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ನಾಲ್ಕೈದು ವರ್ಷದ ನಂತರ ತೆಗೆದು ನೋಡಿದರೆ ನನ್ನ ಅಕ್ಷರ ನನಗೇ ತಿಳಿಯಲಿಲ್ಲ. ಶಾಸನ ಓದುವವರನ್ನು ಕರೆಸಬೇಕಾದ ಪ್ರಸಂಗ. ಹಾಗಾಗಿ ಹನ್ನೆರಡು ವರ್ಷದ ಹಿಂದೆ ಒಂದು ಕಂಪ್ಯೂಟರು ಕೊಂಡು, ಎರಡು ಬೆರಳಿನ ಟೈಪಿಂಗು ಕಲಿತು, ದಿನಕ್ಕೆ ಐದಾರು ಸಾಲಿನಂತೆ ಬರೆಯತೊಡಗಿದೆ. ತಿಂಗಳಿಗೊಂದು ಫೈಲು. ಈ ಹನ್ನೆರಡು ವರ್ಷಗಳಲ್ಲಿ ನಾನು ಎಲ್ಲಿದ್ದೆ, ಯಾರಿಗೆ ಏನು ಅಂದೆ, ಯಾರು ನನಗೆ ಏನು ಅಂದರು ಎಂಬುದೆಲ್ಲ ನನ್ನ ತಲೆಯಲ್ಲಿ ಇಲ್ಲ, ಆ ಕಬ್ಬಿಣದ ಡಬ್ಬಿಯಲ್ಲಿದೆ. ಮನೆಯಲ್ಲಿ ಯಾವ ಮಾತಿಗೆ ವಾದ ಹತ್ತಿದರೂ ಎದ್ದು ಹೋಗಿ ಕಂಪ್ಯೂಟರು ಹಚ್ಚಿ, ಆ ದಿನದ ಸಾಲು ತೆಗೆದು ಹೆಂಡತಿಗೆ ತೋರಿಸುವುದು ನನ್ನ ಅಭ್ಯಾಸ. ನನ್ನ ಹೆಂಡತಿ ಮಹಾದೇವಿ ಮನಗೂಳಿಯವಳು. ಒಮ್ಮೆ ಆ ಸಾಲನ್ನು ಕಣ್ಣೆತ್ತಿಯೂ ನೋಡದೆ ಹೇಳಿದಳು, “ಬರದಾವ್ರೂ ನೀವ, ಓದಾವ್ರೂ ನೀವ, ಗೆದ್ದಾವ್ರೂ ನೀವ. ಇದ್ಯಾವ ಕೋರ್ಟ್ ರೀ?”

ಆ ಕೋರ್ಟು ಮುಚ್ಚಿದ ಬಗೆಯನ್ನು ಈಗ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಯಾಕೆಂದರೆ ಮುಚ್ಚಿದವನು ನಾನೇ.

ನಮ್ಮ ಓಣಿಯಲ್ಲಿ ಕರೆಂಟು ಇರುತ್ತದೆ, ಆದರೆ ಅದಕ್ಕೆ ಮೈಯಲ್ಲಿ ಹುಷಾರಿರುವುದಿಲ್ಲ. ಸುತ್ತಲಿನ ಹೊಲಗಳ ಪಂಪುಗಳೆಲ್ಲ ಒಮ್ಮೆಗೇ ಶುರುವಾದರೆ ನಮ್ಮ ಫ್ಯಾನು ಒಂದು ಸುತ್ತು ತಿರುಗಿ, ಇನ್ನೊಂದು ಸುತ್ತು ತಿರುಗಬೇಕೋ ಬೇಡವೋ ಎಂದು ವಿಚಾರ ಮಾಡುತ್ತದೆ. ಮಿಕ್ಸರು ಚಟ್ನಿಯನ್ನು ಅರೆಯುವುದಿಲ್ಲ, ಸವರುತ್ತದೆ. ಕಂಪ್ಯೂಟರಂತೂ ಹಚ್ಚಿದರೆ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತದೆ. ಹೀಗೆ ವರ್ಷಾನುಗಟ್ಟಲೆ ಬಾಳಿದ ಜನಕ್ಕೆ ಒಂದು ರೋಗ ಬರುತ್ತದೆ: ಕರೆಂಟು ಕಡಿಮೆಯಾದರೆ ಹೆದರುವುದು, ಹೆಚ್ಚಾದರೆ ಹಿಗ್ಗುವುದು. ಆ ರವಿವಾರ ಮಧ್ಯಾಹ್ನ ಊಟ ಮಾಡಿ ಕೂತಿದ್ದೆ. ಇದ್ದಕ್ಕಿದ್ದಂತೆ ಫ್ಯಾನು ವಿಮಾನದ ಸದ್ದು ಮಾಡುತ್ತ ತಿರುಗಿತು. ಅಡುಗೆಮನೆಯಲ್ಲಿ ಮಹಾದೇವಿ ಹಟ ಹಿಡಿದು ಉಳಿಸಿಕೊಂಡಿರುವ ಹಳೆಯ ಕಾಲದ ತಂತಿಯ ಬಲ್ಬು ಹಗಲು ಹೊತ್ತಿನಲ್ಲೂ ಕಣ್ಣು ಕುಕ್ಕುವಂತೆ ಬೆಳಗಿತು. ಅವಳು ಒಳಗಿನಿಂದ ಸಂತೋಷದಲ್ಲಿ ಕೂಗಿದಳು, “ಇವತ್ತ ಕರೆಂಟ್ ಭಾಳ ಚಲೋ ಐತ್ರಿ.”

ಈಗ ಯೋಚಿಸಿದರೆ, ಓದಿದ ಮನುಷ್ಯ ಆಗ ಎದ್ದು ಹೋಗಿ ಮೇನ್ ಸ್ವಿಚ್ಚು ಕೆಳಗೆ ಎಳೆಯಬೇಕಿತ್ತು. ನಾನು ಎದ್ದದ್ದು ನಿಜ. ಎದ್ದು, ಇಷ್ಟು ಚಲೋ ಕರೆಂಟು ಸುಮ್ಮನೆ ಹಾಳಾಗಬಾರದೆಂದು, “ಶೇಂಗಾ ಚಟ್ನಿಪುಡಿ ಈಗ ಮಿಕ್ಸರಿಗೆ ಹಾಕಿಬಿಡು” ಎಂದು ಅವಳಿಗೆ ಹೇಳಿ, ಓಡಿಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದೆ. ಕೈಯಲ್ಲಿ ನಾಲ್ಕು ದಿನದ ಡೈರಿ ಬಾಕಿ ಇತ್ತು. ಅದು ನಿಟ್ಟುಸಿರು ಬಿಡಲಿಲ್ಲ. ಒಳಗೆ ಪಟಾರನೆ ಒಂದು ಸದ್ದಾಯಿತು, ಹುರಿಯುವಾಗ ಸೀದ ಬೆಳ್ಳುಳ್ಳಿಯ ಹಾಗೆ ವಾಸನೆ ಬಂತು. ಅದೇ ಕ್ಷಣದಲ್ಲಿ ಅಡುಗೆಮನೆಯ ಮಿಕ್ಸರು ನಿಂತಿತು, ಬಲ್ಬು ಹೋಯಿತು, ಓಣಿಯುದ್ದಕ್ಕೂ ಜನ ಬಾಗಿಲಿಗೆ ಬಂದರು. ಕಂಬದ ಮೇಲೆ ನ್ಯೂಟ್ರಲ್ ತಂತಿ ಹರಿದಿತ್ತಂತೆ. ಎರಡು ಮನೆಗೆ ಹಂಚಬೇಕಾದ ಕರೆಂಟು ಒಂದೇ ಮನೆಗೆ ನುಗ್ಗಿತಂತೆ. ನಾವು ಯಾವುದನ್ನು ನಮ್ಮ ಓಣಿಯ ಭಾಗ್ಯ ಎಂದುಕೊಂಡಿದ್ದೆವೋ ಅದು ಹರಿದ ತಂತಿ. ಎರಡು ತಾಸಿನಲ್ಲಿ ಲೈನಮನ್ ಬಂದು ಕಟ್ಟಿದ. ಮತ್ತೆ ಕರೆಂಟು ತನ್ನ ಎಂದಿನ ಅನಾರೋಗ್ಯದೊಂದಿಗೆ ಬಂತು. ಕಂಪ್ಯೂಟರು ಬರಲಿಲ್ಲ.

ಮುಂದಿನ ಮೂರು ದಿನ ನಾನು ಅದರೊಂದಿಗೆ ಮಾಡಿದ್ದನ್ನು ರಿಪೇರಿ ಎಂದು ಕರೆಯಬಹುದೋ ಇಲ್ಲವೋ ತಿಳಿಯದು. ಮೊದಲು ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರು ಚುಚ್ಚಿ ನೋಡಿದೆ; ಕರೆಂಟು ಇತ್ತು. ನಾಲ್ಕು ಪ್ಲಗ್ಗಿನ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಕೆಂಪು ದೀಪ ಇರಲಿಲ್ಲ, ಹೊಸದು ತಂದೆ. ಅದರ ಕೆಂಪು ದೀಪ ಹತ್ತಿತು, ನನಗೂ ಆಸೆ ಹತ್ತಿತು. ಗುಂಡಿ ಒತ್ತಿದೆ, ಏನೂ ಇಲ್ಲ. ಪರದೆಯ ಅಂಚಿನಲ್ಲಿ ಒಂದು ಹಳದಿ ಚುಕ್ಕೆ ಮಾತ್ರ ಬಡಿಯುತ್ತಿತ್ತು, ಹೆಣದ ಮುಂದೆ ಹಚ್ಚಿಟ್ಟ ದೀಪದ ಹಾಗೆ. ನಂತರ ನಮ್ಮ ಮನೆತನದ ವಿದ್ಯೆ ಪ್ರಯೋಗಿಸಿದೆ: ಬಲಗಡೆ ಒಂದು ಏಟು, ಎಡಗಡೆ ಒಂದು ಏಟು. ನಮ್ಮಪ್ಪನ ರೇಡಿಯೋ ಈ ವಿದ್ಯೆಗೆ ತಪ್ಪದೆ ಮಾತು ಕೇಳುತ್ತಿತ್ತು. ಕಂಪ್ಯೂಟರು ಓದಿಕೊಂಡದ್ದಲ್ಲವೇ, ಕೇಳಲಿಲ್ಲ. ಮೊಬೈಲಿನ ಒಂದು ವಿಡಿಯೋದಲ್ಲಿ ಯಾರೋ, ವೈರು ಕಿತ್ತು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಒಳಗಿನ ಹಳೆಯ ಕರೆಂಟು ಇಳಿಯುತ್ತದೆ ಎಂದಿದ್ದ. ಒತ್ತಿ ಹಿಡಿದು ಎಣಿಸುತ್ತ ಕೂತೆ. ಮಹಾದೇವಿ ರೊಟ್ಟಿ ಬಡಿಯುವ ಕೈ ಹಾಗೇ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತು, “ನಾಡಿ ಹತ್ತಿತೇನ್ರಿ?” ಎಂದಳು.

ಮೂರನೆಯ ದಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಒಳಗೆ ಹನ್ನೆರಡು ವರ್ಷದ ಕೆಂಪು ಧೂಳು, ಹಲ್ಲಿಯ ಎರಡು ತತ್ತಿ, ಒಂದು ಸೇಫ್ಟಿ ಪಿನ್ನು, ಮತ್ತು ಪ್ರತಿ ವರ್ಷದ ಆಯುಧಪೂಜೆಯಲ್ಲಿ ಮಹಾದೇವಿ ಧಾರಾಳವಾಗಿ ಏರಿಸಿದ ಕುಂಕುಮ, ಭಂಡಾರದ ಅರಿಶಿನ. ಇಷ್ಟು ಪೂಜೆಗೊಂಡ ಯಂತ್ರ ಇಷ್ಟು ಬೇಗ ಕೈಬಿಟ್ಟಿತಲ್ಲ ಎನಿಸಿತು. ಮೆಮೊರಿಯ ಪಟ್ಟಿಯನ್ನು ಕಿತ್ತು ಅದರ ಹೊಳೆಯುವ ಅಂಚನ್ನು ರಬ್ಬರಿನಿಂದ ತಿಕ್ಕಬೇಕು ಎಂದೂ ವಿಡಿಯೋದಲ್ಲಿತ್ತು. ಮೆಮೊರಿಯನ್ನು ರಬ್ಬರಿನಿಂದ ತಿಕ್ಕಿದರೆ ಅದು ಚುರುಕಾಗುತ್ತದೆ ಎಂಬುದು ನನ್ನ ಅನುಭವಕ್ಕೆ ವಿರುದ್ಧವಾಗಿತ್ತು, ಆದರೂ ತಿಕ್ಕಿದೆ. ತಿರುಗಿ ಹಾಕುವಾಗ ಯಾವ ತೂತಿನಿಂದ ಕಿತ್ತಿದ್ದೆ ಎಂಬುದು ಮರೆತುಹೋಗಿತ್ತು.

ಇಷ್ಟೆಲ್ಲ ಒದ್ದಾಟದ ನಡುವೆ ಒಂದು ಧೈರ್ಯ ಇತ್ತು. ಡೈರಿಯ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಹಾಕಿ ಇಟ್ಟಿದ್ದೇನೆ ಎಂಬ ಧೈರ್ಯ. ಡಬ್ಬಿ ಹಾಳಾದರೆ ಆಗಲಿ, ಪೆನ್ ಡ್ರೈವ್ ಇದೆ. ಎಲ್ಲಿ ಇಟ್ಟಿದ್ದೇನೆ ಎಂಬುದು ನೆನಪಿರಲಿಲ್ಲ, ಅದಕ್ಕೂ ಚಿಂತೆ ಇರಲಿಲ್ಲ, ಯಾಕೆಂದರೆ ನನ್ನ ಸ್ವಭಾವ ಗೊತ್ತಿದ್ದ ನಾನು ಅದನ್ನೂ ಬರೆದಿಟ್ಟಿದ್ದೆ. ಡೈರಿಯಲ್ಲಿ. ಇದನ್ನು ಹೆಂಡತಿಗೆ ವಿವರಿಸುತ್ತ ಆ ಶಬ್ದದ ತನಕ ಬಂದು ನಿಂತುಬಿಟ್ಟೆ. “ಹೋದ್ರ ಹೋಗ್ಲಿ ಬಿಡ್ರಿ,” ಎಂದಳು. “ಇನ್ನ ಮ್ಯಾಲೆ ಈ ಮನ್ಯಾಗ ಇಬ್ಬರೂ ಒಂದ ಅಳತಿಗೆ ಮರೀತೇವಿ.”

ಅವಳಿಗೆ ಹೇಳುವುದು ಸುಲಭ. ಅವಳಿಗೆ ನೆನಪು ಇದೆ. ನನಗೆ ಹನ್ನೆರಡು ವರ್ಷ ಹೋಗಿಬಿಟ್ಟಿತ್ತು. ನಮ್ಮಪ್ಪ ಕೊನೆಯ ಸಲ ಆಸ್ಪತ್ರೆಯಲ್ಲಿ ನನಗೆ ಹೇಳಿದ ಮಾತು ಯಾವುದು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮೂರು ಬೇರೆ ಬೇರೆ ಮಾತುಗಳು ನೆನಪಾದವು. ಮೂರನ್ನೂ ಅಪ್ಪ ಹೇಳಿರಬಹುದಾಗಿತ್ತು. ಹೇಳಿದ್ದು ಯಾವುದು ಎಂದು ಗೊತ್ತಿದ್ದದ್ದು ಆ ಡಬ್ಬಿಗೆ ಮಾತ್ರ. ಅಂದು ಕಾಲೇಜಿನಲ್ಲಿ ಪಾಠ ಮಾಡುವಾಗ ನನ್ನ ಧ್ವನಿ ನನಗೇ ಸುಳ್ಳು ಹೇಳುವವನ ಧ್ವನಿಯ ಹಾಗೆ ಕೇಳಿಸಿತು.

ಬಜಾರದ ಹೊಸ ಕಂಪ್ಯೂಟರು ಅಂಗಡಿಗೆ ಒಯ್ದೆ. ಅಂಗಡಿಯವನು ಡಬ್ಬಿಯ ಒಳಗೆ ನೋಡಲೇ ಇಲ್ಲ, ಮೇಲೆ ನೋಡಿಯೇ ಇಂಥದ್ದನ್ನು ಈಗ ಯಾರೂ ಇಟ್ಟುಕೊಳ್ಳುವುದಿಲ್ಲ, ಒಳಗಿನದೆಲ್ಲ ಸುಟ್ಟಿರುತ್ತದೆ, ಹೊಸದು ತೋರಿಸಲೇ ಎಂದ. ಒಳಗಿರುವುದು ನನಗೆ ಬೇಕು ಎಂದೆ. ಹಾಗಾದರೆ ದಸ್ತಗೀರನ ಕಡೆ ಹೋಗಿರಿ ಎಂದ. ಕಾಲೇಜಿನ ಗುಮಾಸ್ತರನ್ನು ಕೇಳಿದೆ, ದಸ್ತಗೀರನ ಕಡೆ ಹೋಗಿರಿ ಎಂದರು. ಕರೆಂಟಿನವರ ಆಫೀಸಿಗೆ ದೂರು ಕೊಡಲು ಹೋದರೆ ಅಲ್ಲಿಯವರೂ ದೂರು ಬರೆದುಕೊಂಡು, ದಸ್ತಗೀರನ ಕಡೆ ಹೋಗಿರಿ ಎಂದರು. ಈ ಊರಿನಲ್ಲಿ ಸುಟ್ಟದ್ದನ್ನು ಬದುಕಿಸುವವನು ಅವನೊಬ್ಬನೇ ಎಂಬುದು ನನಗೂ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮೂರು ದಿನ ಗುಂಡಿ ಒತ್ತುತ್ತ, ರಬ್ಬರಿನಿಂದ ತಿಕ್ಕುತ್ತ ಕೂತಿದ್ದೆ. ದಸ್ತಗೀರನೊಂದಿಗೆ ನನಗೆ ಮಾತು ಬಿಟ್ಟು ಏಳು ವರ್ಷವಾಗಿತ್ತು.

ದಸ್ತಗೀರ ನನ್ನೂರಿನವನೇ, ಕನ್ನೊಳ್ಳಿಯವನು. ಒಂದನೆಯ ಇಯತ್ತೆಯಿಂದ ಹತ್ತನೆಯ ತನಕ ಒಂದೇ ಬೆಂಚು. ಅವನು ಐಟಿಐಗೆ ಹೋದ, ನಾನು ಧಾರವಾಡಕ್ಕೆ ಹೋದೆ, ತಿರುಗಿ ಇಬ್ಬರೂ ಸಿಂದಗಿಗೆ ಬಂದು ಸೇರಿದೆವು. ಅವನು ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರು ಕಟ್ಟುವ ಅಂಗಡಿ ಹಾಕಿದ. ಸುಟ್ಟ ಪಂಪಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಅದರ ಜೊತೆಗೆ ಮಿಕ್ಸರು, ಟೀವಿ, ಕಂಪ್ಯೂಟರು. ಏಳು ವರ್ಷದ ಹಿಂದೆ ಅವನು ಮಗಳ ಲಗ್ನ ಮಾಡಿದ. ನಮ್ಮ ಕಡೆ ಲಗ್ನಕ್ಕೆ ಕರೆಯುವುದಕ್ಕೆ ಒಂದು ರೀತಿ ಇದೆ. ಕಾರ್ಡು ಅಂಚೆಯಲ್ಲಿ ಬಂದರೆ ಅದು ಸುದ್ದಿ. ಮೊಬೈಲಿನಲ್ಲಿ ಬಂದರೆ ಅದು ಅದೂ ಅಲ್ಲ. ಕರೆಯುವವರು ಮನೆಗೇ ಬಂದು, ಹೊಸ್ತಿಲು ದಾಟಿ, ಕೂತು, ನೀರೋ ಚಹಾವೋ ಕುಡಿದು, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ದಸ್ತಗೀರ ಊರಿಗೆಲ್ಲ ಹೋಗಿ ಹೇಳಿದ, ನಮ್ಮ ಮನೆಗೆ ಬರಲಿಲ್ಲ. ಅವನು ಬರದೆ ಇದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಬರದೆ ಇದ್ದದ್ದು ಕಣ್ಣಿಗೆ ಕಟ್ಟುವುದು ಹೇಗೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಲಗ್ನ ಮುಗಿದ ಮೇಲೆ ಒಮ್ಮೆ ಬಜಾರದಲ್ಲಿ ಎದುರಾದ. ನಾನು ಮುಖ ಬಿಗಿದುಕೊಂಡೆ. ಅವನೂ ಬಿಗಿದುಕೊಂಡ. ತಪ್ಪು ಮಾಡಿದವನು ಇವನು, ಇವನಿಗೇನು ಸಿಟ್ಟು ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಅಲ್ಲಿಂದ ನಾನು ರಸ್ತೆಯ ಈ ಬದಿ, ಅವನು ಆ ಬದಿ. ಮನೆಯ ಮಿಕ್ಸರು ಕೆಟ್ಟರೆ ಮಹಾದೇವಿಯೇ ಒಯ್ದು ಮಾಡಿಸಿಕೊಂಡು ಬರುತ್ತಿದ್ದಳು. ಅವಳನ್ನು ಅವನು ವೈನಿ, ಅಂದರೆ ಅತ್ತಿಗೆ, ಎಂದು ಕರೆದು ಕೂಡಿಸಿ ಚಹಾ ತರಿಸುತ್ತಿದ್ದನಂತೆ, ನನ್ನ ಹೆಸರು ಮಾತ್ರ ಎತ್ತುತ್ತಿರಲಿಲ್ಲವಂತೆ. ಅವನ್ಯಾಕೆ ಕರೆಯಲಿಲ್ಲ ಎಂದು ಕೇಳಿಬಿಡಲೇ ಎಂದು ಅವಳು ಎರಡು ಸಲ ಅಂದಿದ್ದಳು. ಕೇಳಿ ಕರೆಸಿಕೊಳ್ಳುವಷ್ಟು ಹಸಿವೆ ನನಗಿಲ್ಲ ಎಂದು ಬೈದಿದ್ದೆ. ಬೇಕಾದರೆ ಡೈರಿ ತೆಗೆದು ತೋರಿಸುತ್ತೇನೆ ಎಂದೂ ಅಂದಿದ್ದೆ. ಸಣ್ಣ ಸಣ್ಣ ವಾದಕ್ಕೆಲ್ಲ ಡೈರಿ ತೆಗೆಯುವ ನಾನು ಇದಕ್ಕೆ ಮಾತ್ರ ಎಂದೂ ತೆಗೆಯಲಿಲ್ಲ. ಇಷ್ಟು ಖಚಿತ ಇದ್ದದ್ದಕ್ಕೆ ಯಾರಾದರೂ ಆಧಾರ ನೋಡುತ್ತಾರೆಯೇ?

ನಾಲ್ಕನೆಯ ದಿನ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆ. ಮಹಾದೇವಿಯನ್ನೇ ಕಳಿಸುವ ವಿಚಾರ ಇತ್ತು. ಮಿಕ್ಸರಿನೊಳಗೆ ನಮ್ಮ ಮನೆಯ ಮಾತು ಇರುವುದಿಲ್ಲ, ಇದರೊಳಗೆ ಇರುತ್ತದೆ, ನೀವೇ ಹೋಗಿರಿ ಎಂದು ಅವಳು ಒಳಗೆ ಹೋದಳು.

ದಸ್ತಗೀರನ ಅಂಗಡಿಯಲ್ಲಿ ನಮ್ಮ ಓಣಿಯೇ ಬಂದು ಕೂತಿತ್ತು: ಫ್ಯಾನುಗಳು, ಮಿಕ್ಸರುಗಳು, ಎರಡು ಟೀವಿ, ಒಂದು ಹಿಟ್ಟಿನ ಗಿರಣಿಯ ಮೋಟಾರು. ಅವನು ಚೀಟಿ ಅಂಟಿಸುವುದಿಲ್ಲ, ಪಾವತಿ ಬರೆಯುವುದಿಲ್ಲ. ಕಪ್ಪು ಮಾರ್ಕರ್ ಪೆನ್ನು ತೆಗೆದುಕೊಂಡು ವಸ್ತುವಿನ ಮೈಮೇಲೆಯೇ ಬರೆದುಬಿಡುತ್ತಾನೆ: ಯಾರದು, ಏನಾಗಿದೆ, ಯಾವ ವಾರ ಕೊಡಬೇಕು. ಮೂರು ಸಾಲು. ‘ಹೂಗಾರ. ಬುಶ್ ಹೋಗೇತಿ. ಸೋಮವಾರ.’ ‘ಯಂಕಂಚಿ ಟೀಚರ್. ವಾಯರ್ ಇಲಿ ತಿಂದೈತಿ. ಬುಧವಾರ.’ ಸಿಂದಗಿಯ ಅರ್ಧ ಮನೆಗಳ ಮಿಕ್ಸರು ಹೀಗೆ ತಮ್ಮ ರೋಗದ ಹೆಸರನ್ನು ಮೈಮೇಲೆ ಹೊತ್ತು ಅಡುಗೆಮನೆಯಲ್ಲಿ ನಿಂತಿವೆ. ನಮ್ಮದೂ ನಿಂತಿದೆ.

ಅವನು ತಲೆ ಎತ್ತಿ ನೋಡಿದ. ಕೂದಲು ಬೆಳ್ಳಗಾಗಿತ್ತು. “ಬರ್ರಿ ಸರ. ಕೂಡ್ರಿ ಸರ,” ಎಂದ.

ಹತ್ತು ವರ್ಷ ಒಂದೇ ಬೆಂಚಿನ ಮೇಲೆ ಕೂತವನು ನನಗೆ ಸರ ಎಂದ. ಬೈದಿದ್ದರೆ ಬೇಕಿತ್ತು. ನಾನೂ ಮರ್ಯಾದೆಯಿಂದಲೇ, ಇದು ಚಾಲೂ ಆಗುತ್ತಿಲ್ಲ ಎಂದೆ. ಕರೆಂಟು ಜಾಸ್ತಿ ಬಂದಾಗ ಚಾಲೂ ಇತ್ತೇ ಎಂದು ಕೇಳಿದ. ಇಲ್ಲ, ಬಂದ್ ಇತ್ತು, ತಾನಾಗಿಯೇ ಸುಟ್ಟಿತು ಎಂದೆ. ಇದು ನೆನಪಿನ ತಪ್ಪಲ್ಲ, ಶುದ್ಧ ಸುಳ್ಳು. ಅವನು ಡಬ್ಬಿಯ ಹಿಂದೆ ಮೂಗು ಹಿಡಿದು ವಾಸನೆ ನೋಡಿ, ನಗದೆ ಹೇಳಿದ, “ನಿಮ್ಮ ಓಣ್ಯಾಗ ಎಲ್ಲಾರೂ ಹಂಗ ಹೇಳ್ಯಾರ್ರಿ ಸರ. ಎಲ್ಲಾರ ಮಿಕ್ಸರೂ ಬಂದ್ ಇದ್ದಾಗನ ಸುಟ್ಟಾವು.”

ತಗಡು ಬಿಚ್ಚಿದ. ಕುಂಕುಮ ಭಂಡಾರ ನೋಡಿ, ಇದು ವೈನಿಯ ಕೆಲಸ ಎಂದು ತನ್ನಷ್ಟಕ್ಕೆ ಅಂದುಕೊಂಡ. ಕುಂಚದಿಂದ ಧೂಳು ಝಾಡಿಸಿ, ಮೇಲಿನ ಮೂಲೆಯಲ್ಲಿದ್ದ ಒಂದು ಚೌಕು ಡಬ್ಬಿಯನ್ನು ಹೊರಗೆಳೆದ. ಗೋಡೆಯ ಕರೆಂಟನ್ನು ಮೊದಲು ನುಂಗಿ, ಒಳಗಿನವರಿಗೆ ಬೇಕಾದಷ್ಟೇ ಹಂಚುವ ಡಬ್ಬಿ ಅದು. ಅದರ ಹಸಿರು ವೈರಿಗೂ ಕಪ್ಪು ವೈರಿಗೂ ತಂತಿಯ ತುಂಡು ಹಚ್ಚಿ ಕರೆಂಟು ಕೊಟ್ಟ. ಜೀವ ಇದ್ದರೆ ಅದರ ಪುಟ್ಟ ಫ್ಯಾನು ತಿರುಗಬೇಕಂತೆ. ತಿರುಗಲಿಲ್ಲ. ಬಿಚ್ಚಿ ತೋರಿಸಿದ: ಒಳಗೊಂದು ಬಿಲ್ಲೆ ಕಪ್ಪಗೆ ಸೀಳಿತ್ತು, ಫ್ಯೂಜು ಹೋಗಿತ್ತು. “ಇದು ಸತ್ತೇತ್ರಿ ಸರ. ಆದ್ರ ತಾ ಸತ್ತು ಒಳಗಿನಾವ್ರನ್ನ ಉಳಿಸಿರಬೇಕು. ಇಂಥಾವು ಮನಷ್ಯಾರಾಗ ಈಗ ಸಿಗಂಗಿಲ್ಲ.” ಆ ಕೊನೆಯ ಮಾತು ಯಾರಿಗೆ ತಾಗಬೇಕಿತ್ತೋ ಅವನಿಗೇ ತಾಗಿತು.

ಮೇಲಿನ ಅಟ್ಟದಿಂದ ಯಾವುದೋ ಹಳೆಯ ಕಂಪ್ಯೂಟರಿನ ಅಂಥದೇ ಡಬ್ಬಿ ಇಳಿಸಿ ಜೋಡಿಸಿದ. ನಾನು ರಬ್ಬರಿನಿಂದ ತಿಕ್ಕಿ ಎಲ್ಲೋ ಸಿಕ್ಕಿಸಿದ್ದ ಮೆಮೊರಿಯನ್ನು ಕಿತ್ತು, ಇದನ್ನು ಇಲ್ಲಿ ಯಾರು ಹಾಕಿದರು ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅದು ಎರಡನೆಯ ಸುಳ್ಳು. ತನ್ನ ಮೇಜಿನ ಹಳೆಯ ಪರದೆಗೆ ವೈರು ಜೋಡಿಸಿ, ನೀವೇ ಒತ್ತಿರಿ ಎಂದ. ಒತ್ತಿದೆ. ಒಳಗಿನಿಂದ ಕುಕ್ ಎಂದು ಒಂದೇ ಒಂದು ಸದ್ದು ಬಂತು, ಫ್ಯಾನು ತಿರುಗಿತು, ಪರದೆಯ ಮೇಲೆ ಬೆಳಕು ಮೂಡಿತು. ಕುರ್ಚಿ ಹತ್ತಿರ ಎಳೆದುಕೊಂಡೆ. ಪಾಸ್‌ವರ್ಡ್ ಕೇಳಿತು; ಬೆರಳುಗಳಿಗೆ ನೆನಪಿತ್ತು. ಡೈರಿ ಇತ್ತು. ಕಳೆದ ವಾರದ ಸಾಲುಗಳು ಇದ್ದವು, ನನ್ನ ತಪ್ಪು ಅಕ್ಷರಗಳ ಸಹಿತ.

ಹೊಸದಷ್ಟೇ ನೋಡಬೇಡಿ, ಹಳೆಯದೂ ಸರಿ ಇದೆಯೇ ಒಂದು ತೆಗೆದು ನೋಡಿ ಎಂದು ಹೇಳಿ, ಅವನು ಪಕ್ಕದಲ್ಲಿ ಮಿಕ್ಸರು ಬಿಚ್ಚುತ್ತ ಕೂತ. ಆಗ ನನಗೆ ಒಂದು ದುರ್ಬುದ್ಧಿ ಬಂತು. ಹಳೆಯದು ಎಂದರೆ ಯಾವುದಾದರೂ ಆಗಬಹುದಲ್ಲವೇ? ಏಳು ವರ್ಷದ ಹಿಂದಿನ ಆ ತಿಂಗಳನ್ನೇ ತೆಗೆಯಬೇಕು. ಲಗ್ನಕ್ಕೆ ಕರೆಯದ ಸಂಗತಿಯನ್ನು ನಾನು ಅಂದೇ ಬರೆದದ್ದು ಇರುತ್ತದೆ. ಏನೋ ಮರೆತವನ ಹಾಗೆ ಪರದೆಯನ್ನು ಅವನ ಕಡೆ ತಿರುಗಿಸಿಟ್ಟು ನೀರು ಕುಡಿಯಲು ಹೋಗಬೇಕು. ಓದಿಕೊಳ್ಳಲಿ. ಮಾತಿಲ್ಲದೆ, ಆಧಾರಸಹಿತ, ಏಳು ವರ್ಷದ ಮುಕದ್ದಮೆ ಮುಗಿಯಬೇಕು. ಫೈಲು ತೆಗೆದೆ. ನನಗೆ ಬೇಕಾದ ಸಾಲು ಇತ್ತು, ಬುಧವಾರದ ದಿನ: ‘ದಸ್ತಗೀರನ ಮಗಳ ಲಗ್ನ ರವಿವಾರ ಆಯಿತಂತೆ. ಕಾಲೇಜಿನ ಅರ್ಧ ಜನ ಉಂಡು ಬಂದಿದ್ದಾರೆ. ನನಗೊಂದು ಮಾತು ಹೇಳಲಿಲ್ಲ. ದೊಡ್ಡವನಾಗಿದ್ದಾನೆ.’ ಗೆದ್ದೆ ಎಂದುಕೊಂಡೆ. ಇತಿಹಾಸದವನ ಚಟ, ಒಂದು ಪುಟ ಸಿಕ್ಕರೆ ಅದರ ಹಿಂದಿನದನ್ನೂ ನೋಡುವುದು. ಕಣ್ಣು ಮೇಲೆ ಹೋಯಿತು.

ರವಿವಾರದ ದಿನ ಹೀಗಿತ್ತು: ‘ರಜೆ. ಪೇಪರು ತಿದ್ದಿದೆ. ಮಧ್ಯಾಹ್ನ ಮಲಗಿದೆ. ಇವತ್ತು ಏನೋ ಇತ್ತು ಅನಿಸುತ್ತಿದೆ, ಏನೆಂದು ನೆನಪಾಗಲಿಲ್ಲ.’

ಅದಕ್ಕಿಂತ ಐದು ದಿನ ಮೊದಲು: ‘ಮಹಾದೇವಿ ಪಂಚಮಿಗೆ ತವರಿಗೆ ಹೋಗಿದ್ದಾಳೆ. ಸಂಜೆ ದಸ್ತಗೀರ ಬಂದಿದ್ದ. ಮಗಳ ಲಗ್ನ, ಬರುವ ರವಿವಾರ. ಕಾರ್ಡು ಕೈಗೆ ಕೊಟ್ಟ. ನೀ ಬರಲಿಲ್ಲಂದ್ರ ನಿಕಾ ನಿಂದ್ರಸ್ತೇನಿ ಅಂದ. ನಾನೇ ಚಹಾ ಮಾಡಿದೆ, ಸಕ್ಕರೆ ಹಾಕುವುದು ಮರೆತೆ. ಸುಮ್ಮನೆ ಕುಡಿದು ಹೋದ. ಲಗ್ನಕ್ಕೆ ಹೋಗಲೇಬೇಕು.’

ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ಅಕ್ಷರಗಳು ಅಲುಗಾಡಿದವು. ಅವನು ಬಂದದ್ದು, ಹೊಸ್ತಿಲು ದಾಟಿದ್ದು, ಕೂತದ್ದು, ಒಂದೂ ನೆನಪಾಗಲಿಲ್ಲ. ಈಗಲೂ ಆಗುತ್ತಿಲ್ಲ. ನನ್ನ ಕೈ ಕೀಲಿಮಣೆಯ ಮೇಲಿತ್ತು. ಆ ಐದಾರು ಸಾಲು ಅಳಿಸಲು ಒಂದೇ ಗುಂಡಿ ಸಾಕು. ಅಳಿಸಿದರೆ ಬುಧವಾರದ ಸಾಲು ಒಂದೇ ಉಳಿಯುತ್ತದೆ, ನಾನು ಸರಿ, ಅವನು ತಪ್ಪು. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಎಲ್ಲಾ ಇದೆಯೇ ಎಂದು ದಸ್ತಗೀರ ಕೇಳಿದ. ಎಲ್ಲಾ ಇದೆ ಎಂದೆ. ನನ್ನ ಧ್ವನಿ ಸರಿ ಇರಲಿಲ್ಲವೆಂದು ಕಾಣುತ್ತದೆ. ಸ್ಕ್ರೂ ಡ್ರೈವರು ಕೆಳಗಿಟ್ಟು ನೋಡಿದ. ನಾನು ಪರದೆಯನ್ನು ಅವನ ಕಡೆ ತಿರುಗಿಸಿದೆ. ಉಪಾಯ ಮಾಡಿದ್ದೂ ತಿರುಗಿಸುವುದಕ್ಕೇ, ತಿರುಗಿಸಿದ್ದೂ ಹೌದು. ನೀರು ಕುಡಿಯಲು ಮಾತ್ರ ಹೋಗಲಿಲ್ಲ.

ಅವನು ಕನ್ನಡಕ ಹಾಕಿಕೊಂಡು, ಬೆರಳು ಇಟ್ಟು, ಒಂದೊಂದೇ ಅಕ್ಷರ ಓದಿದ. ಹೊರಗೆ ಇಂಡಿ ಊರಿಗೆ ಹೋಗುವ ಬಸ್ಸು ಹೊರಟು ನಿಂತು ಹಾರ್ನು ಹೊಡೆಯುತ್ತಿತ್ತು. ಅದು ಹೋದ ಮೇಲೆ ಪರದೆಯಿಂದ ಬೆರಳು ಎತ್ತಿದ.

“ಸಕ್ರಿ ಇರಲಿಲ್ಲ ಅನ್ನೂದು ಖರೆ ನೋಡಲೇ,” ಎಂದ. “ಏಳು ವರ್ಷ ಮನ್ಯಾಗ ಅದನ್ನ ಹೇಳ್ಕೊಂತ ಬಂದೇನಿ. ಚಹಾಕ ಸಕ್ರಿ ಹಾಕದಾವ ಲಗ್ನಕ್ಕೇನ ಬರ್ತಾನ, ಬ್ಯಾಡಾದ ಮನಷ್ಯಾಗ ಕೊಟ್ಟಂಗ ಕೊಟ್ಟಾನ ಅಂತ.”

ಮರೆತಿದ್ದೆ ಎಂದೆ. ಅದು ಕಾಣುತ್ತದೆ ಎಂದ. ಮತ್ತೆ ಪರದೆ ನೋಡಿ ಹೇಳಿದ, “ನಿಕಾ ನಿಂದ್ರಸಿದ್ದೆ. ಭಾಳ ಅಲ್ಲ, ಹತ್ತು ಮಿನಿಟ. ಕಾಜಿ ಸಾಹೇಬ್ರು ಗಡಿಯಾರ ನೋಡಾಕ ಹತ್ತಿದ್ರು. ಬರ್ತಾನ, ಕಾಲೇಜದಾಗ ಕೆಲಸ ಇರ್ತೈತಿ, ಬರ್ತಾನ ಅಂದೆ. ನೀ ಮಲಗಿದ್ದಿ.”

ಏಳು ವರ್ಷ ನಾನು ಅವನ ಮೇಲೆ ಹೊರಿಸಿದ್ದ ತಪ್ಪಿನ ಭಾರವೆಲ್ಲ ತಿರುಗಿ ನನ್ನ ತೊಡೆಯ ಮೇಲೆ ಬಂದು ಕೂತಿತು, ಬರುವಾಗ ಇದ್ದ ಕಂಪ್ಯೂಟರಿಗಿಂತ ಹೆಚ್ಚು ತೂಕ. ತಪ್ಪಾಯಿತು ಎಂದು ಹೇಳಿದೆನೋ, ಹೇಳಬೇಕು ಎಂದುಕೊಂಡೆನೋ, ಈಗ ಖಚಿತವಿಲ್ಲ. ಹೇಳಿದ್ದೇನೆ ಎಂದೇ ನೆನಪು; ಆದರೆ ನನ್ನ ನೆನಪಿನ ಸಂಗತಿ ಈಗ ನಿಮಗೂ ಗೊತ್ತಾಗಿದೆ. ಅವನು ಮಾತ್ರ ಕೊನೆಗೆ ಕನ್ನಡಕ ತೆಗೆದು, ‘ಇವತ್ತು ಏನೋ ಇತ್ತು ಅನಿಸುತ್ತಿದೆ’ ಎಂಬ ಸಾಲಿನ ಮೇಲೆ ಬೆರಳು ಬಡಿದ. “ಅಷ್ಟರ ನೆನಪಿತ್ತಲ್ಲಲೇ ನಿನಗ,” ಎಂದು ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. ಎದುರಿನ ಹೊಟೇಲಿಗೆ ಕೂಗಿ ಚಹಾ ಹೇಳಿದ, ಒಂದಕ್ಕೆ ಸಕ್ಕರೆ ಬೇಡ ಎಂದ. ಸಕ್ಕರೆ ಇಲ್ಲದ್ದನ್ನು ನನ್ನ ಮುಂದೆ ಇಟ್ಟ. ಪೂರ್ತಿ ಕುಡಿದೆ.

ಹೊರಡುವಾಗ ಹೇಳಿದ, ಅದೇ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಶುಕ್ರವಾರ ಮೊಮ್ಮಗನ ಜವಳ, ಹುಟ್ಟುಗೂದಲು ತೆಗೆಸುವ ದಿನ, ಮಧ್ಯಾಹ್ನ ಊಟ. ತಟ್ಟನೆ ಮೊಬೈಲು ತೆಗೆದು ಬರೆದುಕೊಳ್ಳಲು ಹೋದೆ. ಕೈ ಹಿಡಿದ. “ನೀ ಬರಕೋಬ್ಯಾಡ. ನೀ ಬರದದ್ದನ್ನ ಏಳು ವರ್ಷಕ್ಕೊಮ್ಮೆ ಓದತಿ. ಮನಿಗೆ ಬಂದೂ ಹೇಳಂಗಿಲ್ಲ, ಅದನ್ನೂ ಮಾಡಿ ನೋಡೇನಿ.” ಹೀಗೆಂದು ಮಾರ್ಕರ್ ಪೆನ್ನು ತೆಗೆದು, ನನ್ನ ಕಂಪ್ಯೂಟರಿನ ಬಲಗಡೆಯ ತಗಡಿನ ಮೇಲೆ, ಊರಿನ ಎಲ್ಲ ಮಿಕ್ಸರುಗಳ ಮೇಲೆ ಬರೆಯುವ ಹಾಗೆಯೇ, ದೊಡ್ಡ ಅಕ್ಷರದಲ್ಲಿ ಮೂರು ಸಾಲು ಬರೆದ:

‘ಚಂದ್ರ್ಯಾ. ಮರವು. ಶುಕ್ರವಾರ.’

ಶಾಲೆಯ ಬೆಂಚಿನ ಮೇಲಿನ ನನ್ನ ಹೆಸರು. ಯಾರದು, ಏನಾಗಿದೆ, ಯಾವ ವಾರ.

ಮನೆಗೆ ಬಂದು ಕಂಪ್ಯೂಟರು ಅದರ ಜಾಗದಲ್ಲಿಟ್ಟೆ. ಮಹಾದೇವಿ ಬಂದು ಆ ಮೂರು ಸಾಲು ಓದಿದಳು. ನಡೆದದ್ದೆಲ್ಲ ಹೇಳಿದೆ, ಗುಂಡಿಯ ಮೇಲೆ ಬೆರಳು ಇಟ್ಟುಕೊಂಡು ಕೂತದ್ದನ್ನು ಬಿಟ್ಟು. ಅವಳು ಧೂಳು ಒರೆಸಲು ತಂದಿದ್ದ ಒದ್ದೆ ಅರಿವೆಯನ್ನು ಆ ಬದಿಗೆ ಮಾತ್ರ ಹಚ್ಚದೆ ಒಳಗೆ ಹೋದಳು. ಇಂಥದ್ದು ಮತ್ತೆ ಆಗಬಾರದು, ಪೆನ್ ಡ್ರೈವನ್ನಾದರೂ ಹುಡುಕಿ ಇಟ್ಟುಕೊಳ್ಳಬೇಕೆಂದು ಡೈರಿಯಲ್ಲಿ ಅದನ್ನು ಇಟ್ಟ ದಿನದ ಸಾಲು ತೆಗೆದೆ. ಬರೆದಿದ್ದೆ, ನಿಜ: ‘ಡೈರಿಯ ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿ ಭದ್ರವಾದ ಜಾಗದಲ್ಲಿ ಇಟ್ಟಿದ್ದೇನೆ. ಮರೆಯುವಂಥ ಜಾಗವಲ್ಲ, ಬರೆಯುವ ಅಗತ್ಯವಿಲ್ಲ.’

ಇಷ್ಟನ್ನು ಮರುದಿನ ಬೆಳಿಗ್ಗೆ ಅದೇ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ. ಫ್ಯಾನು ವಿಚಾರ ಮಾಡುತ್ತ ತಿರುಗುತ್ತಿದೆ, ಕರೆಂಟು ಎಂದಿನ ಹಾಗೆ ಅಶಕ್ತವಾಗಿದೆ, ಮನಸ್ಸಿಗೆ ಸಮಾಧಾನವಾಗಿದೆ. ಇವತ್ತು ಗುರುವಾರ, ನಾಳೆ ಜವಳಕ್ಕೆ ಹೋಗಬೇಕು. ಕೂಸಿಗೆ ಏನು ಒಯ್ಯಬೇಕು ಎಂದು ಮಹಾದೇವಿಯನ್ನು ಕೇಳಬೇಕು, ಕೇಳಿ ಸಂಜೆಯೇ ಬಜಾರಕ್ಕೆ ಹೋಗಿ ಬರಬೇಕು, ಇನ್ನೂ ಒಂದು ಇಡೀ ದಿನ ಇದೆ ಎಂದುಕೊಳ್ಳುವಷ್ಟರಲ್ಲಿ ಅವಳೇ ಹೊಸ ಸೀರೆ ಉಟ್ಟು, ಕೈಯಲ್ಲಿ ಕೂಸಿನ ಅಂಗಿಯ ಪೊಟ್ಟಣ ಹಿಡಿದು, ಇಸ್ತ್ರಿ ಮಾಡಿದ ನನ್ನ ಅಂಗಿಯನ್ನು ಕಂಪ್ಯೂಟರಿನ ಮೇಲೆ ತಂದು ಇಟ್ಟಳು. ಆಟೋ ಬಂದು ನಿಂತಿದೆಯಂತೆ. ನಾನು ಎಲ್ಲಿಗೆ ಎಂಬಂತೆ ನೋಡಿದೆ. ಅವಳು ತಗಡಿನ ಮೇಲಿನ ಮೂರನೆಯ ಸಾಲಿನ ಮೇಲೆ ಬೆರಳು ಇಟ್ಟಳು. ನಾನು ಎರಡನೆಯ ಸಾಲು ಓದಿಕೊಂಡು ಎದ್ದೆ.